ಅಡ್ಯನಡ್ಕದ ದಾರಿಯಲ್ಲಿ

ಪರಸ್ಥಳದಲ್ಲಿ ನೆಲಸಿದ ಕನ್ನಡಿಗರು ವರ್ಷಕ್ಕೊಮ್ಮೆಯಾದರೂ ನಾಡಿಗೆ ಹೋಗಿ ಬರುವುದು ವಾಡಿಕೆ. ಹೋದವರು ಉಡುಪಿ, ಕೊಲ್ಲೂರು, ಧರ್ಮಸ್ಥಳಗಳ ದರ್ಶನ ಮುಗಿಸಿ, ಹಲಸಿನ ಹಪ್ಪಳದ ಕಟ್ಟನ್ನೂ ಮಿಡಿ ಉಪ್ಪಿನಕಾಯಿಯ ಭರಣಿಯನ್ನೂ ಜೋಪಾನವಾಗಿ ಹೊತ್ತು ತಂದು, ಬಂದ ಮೇಲೆ ಸಂಘದ ಪತ್ರಿಕೆಗೆ ನಾಲ್ಕು ಪುಟದ ಪ್ರವಾಸ ಲೇಖನ ಬರೆದುಕೊಡುವುದೂ ವಾಡಿಕೆಯೇ. ಈ ಸಲ ಆ ಸರದಿ ನಮ್ಮದು. ಹಪ್ಪಳ ಉಪ್ಪಿನಕಾಯಿಗಳನ್ನು ನಾವೂ ತಂದೆವು. ಅವು ಈಗಾಗಲೇ ಖರ್ಚಾಗಿಯೂ ಹೋಗಿವೆ. ಖರ್ಚಾಗದೆ ಉಳಿದ ಮಾತು ಒಂದಿದೆ. ಅದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಬರಹ.

ಮೊದಲು ಹೊರಟ ಕಾರಣವನ್ನು ಹೇಳಬೇಕು. ಕಚೇರಿಯಲ್ಲಿ ಗುಮಾಸ್ತರಾದವರಿಗೆ ಸಂಘದಲ್ಲಿಯೂ ಗುಮಾಸ್ತಿಕೆಯೇ ಗಂಟುಬೀಳುವುದು ಲೋಕದ ನಿಯಮ. ಹಾಗೆ ಕಳೆದ ರಾಜ್ಯೋತ್ಸವದ ಸಮಯಕ್ಕೆ ಸನ್ಮಾನ ಸಮಿತಿಯ ಕಾಗದಪತ್ರಗಳನ್ನು ಒಪ್ಪವಾಗಿ ಇಡುವ ಕೆಲಸ ನಮ್ಮ ಪಾಲಿಗೆ ಬಂದಿತು. ಹಳೆಯ ನಡವಳಿ ಪುಸ್ತಕಗಳನ್ನು ತಿರುವಿ, ಈವರೆಗೆ ಸಂಘದ ಶಾಲು ಹೊದ್ದವರ ಪಟ್ಟಿಯೊಂದನ್ನು ತಯಾರಿಸಿದೆವು. ಗಾಯಕರಿದ್ದರು, ವೈದ್ಯರಿದ್ದರು, ಹೋಟೆಲಿನ ಉದ್ಯಮಿಗಳಿದ್ದರು. ಸಾಹಿತಿಗಳು, ನಾಟಕದವರು, ಬ್ಯಾಂಕಿನ ದೊಡ್ಡ ಅಧಿಕಾರಿಗಳು ಎಲ್ಲರೂ ಇದ್ದರು. ಎಲ್ಲರೂ ಯೋಗ್ಯರೇ. ಆದರೆ ಆ ಉದ್ದವಾದ ಪಟ್ಟಿಯಲ್ಲಿ ಬೇಸಾಯ ಮಾಡುವವರ ಹೆಸರು ಒಂದೂ ಇರಲಿಲ್ಲ. ಸಮಿತಿಯ ಒಂಬತ್ತು ಸದಸ್ಯರಲ್ಲಿ ಎಂಟು ಮಂದಿಯ ಹಿರಿಯರು ಬೇಸಾಯಗಾರರು. ಒಂಬತ್ತನೆಯವರ ಹಿರಿಯರು ಬೇಸಾಯಗಾರರಿಗೆ ಸಾಲ ಕೊಡುತ್ತಿದ್ದವರು. ಹೀಗಿರುತ್ತ ಈ ಕೊರತೆ ಹೇಗೆ ಬಂತೆಂದು ಸಭೆಯಲ್ಲಿ ಕೇಳಿದಾಗ, "ಯಾರನ್ನು ಕರೆಯುವುದು? ನಮಗೆ ಯಾರು ಗೊತ್ತು?" ಎಂದು ಅಧ್ಯಕ್ಷರು ಮರುಪ್ರಶ್ನೆ ಹಾಕಿದರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವರು ವಿಟ್ಲದ ಕಡೆಯವರಾದ ನಮ್ಮ ಗೆಳೆಯರು. "ಏಪ್ರಿಲಿನಲ್ಲಿ ರಜೆ ಹಾಕಿ ನಮ್ಮೂರಿಗೆ ಬನ್ನಿ, ತೋರಿಸುತ್ತೇನೆ" ಎಂದರು.

ಮುಂಬಯಿಯಿಂದ ಆ ಸೀಮೆಗೆ ಹೋಗುವುದು ಈಗ ಕಷ್ಟವಲ್ಲ. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ, ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧಾ ಗಾಡಿ ಹತ್ತಿದವರು ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯಬಹುದು. ನಾವು, ನಮ್ಮ ಮನೆಯವರು, ಮಕ್ಕಳಿಬ್ಬರು, ಗೆಳೆಯರ ಸಂಸಾರ ಹೀಗೆ ಎಂಟು ಜನ ಇಳಿದು, ಬಿ. ಸಿ. ರೋಡಿನ ಮೇಲೆ ಕಲ್ಲಡ್ಕಕ್ಕೆ ಬಂದೆವು. ಕಲ್ಲಡ್ಕದ ಚಹಾ ಆ ಪ್ರಾಂತದಲ್ಲೆಲ್ಲ ಹೆಸರಾದುದು. ಗಾಜಿನ ಲೋಟದಲ್ಲಿ ಕೆಳಗೆ ಹಾಲು ಬೇರೆಯಾಗಿ, ಮೇಲೆ ಚಹಾ ಬೇರೆಯಾಗಿ ನಿಂತಿರುತ್ತದೆ. ಅದನ್ನು ಕಲಕುವುದೋ ಹಾಗೆಯೇ ಕುಡಿಯುವುದೋ ಎಂದು ಮಕ್ಕಳಲ್ಲಿ ವಾದ ನಡೆಯುತ್ತಿರುವಾಗಲೇ ವಿಟ್ಲದ ಬಸ್ಸು ಬಂದಿತು.

ನಾವು ಧಾರವಾಡದ ಕಡೆಯವರು. ಎರೆ ಹೊಲ, ಜೋಳ, ಹತ್ತಿ, ಕಡಲೆ ಇವೇ ನಮಗೆ ತಿಳಿದ ಬೇಸಾಯ. ಕಣ್ಣು ಹಾಯುವಷ್ಟು ದೂರ ನೆಲ ಸಮನಾಗಿದ್ದರೆ ಮಾತ್ರ ನಮಗೆ ಹೊಲವೆನಿಸುವುದು. ಇಲ್ಲಿ ನೆಲವೆಲ್ಲ ಏರು ತಗ್ಗು. ಗುಡ್ಡದ ನೆತ್ತಿ ಮುರಕಲ್ಲಿನ ಬೋಳು ಬಯಲು, ಇಳಿಜಾರಿನಲ್ಲಿ ಗೇರು, ತಗ್ಗಿನಲ್ಲಿ ಅಡಿಕೆ, ತೆಂಗು, ಬಾಳೆ, ಅಡಿಕೆಯ ಮೈಗೆ ಹಬ್ಬಿದ ಕಾಳುಮೆಣಸು. ಮನೆಗಳು ಒಂದರ ಪಕ್ಕ ಒಂದಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗುಡ್ಡ ಹತ್ತಿ ಇಳಿಯಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಗೆ ನೀರಿನ ಚಿಂತೆ ಏಕೆಂದು ಬಯಲುಸೀಮೆಯ ನಮಗೆ ಸೋಜಿಗ. ಆದರೆ ಅಷ್ಟೂ ಮಳೆ ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುವುದು. ಫಾಲ್ಗುಣ ಕಳೆಯುವ ಹೊತ್ತಿಗೆ ತೋಡುಗಳು ಒಣಗುವುವು. ಅಡಿಕೆ ಮರವೋ ಬೇಸಗೆಯ ನೀರನ್ನು ತಪ್ಪಿಸಿದರೆ ಕ್ಷಮಿಸುವ ಜಾತಿಯದಲ್ಲ.

ವಿಟ್ಲದಲ್ಲಿ ಅಡಿಕೆಯ ಸಂಶೋಧನೆಗಾಗಿ ೧೯೫೬ರಲ್ಲಿ ಆರಂಭವಾದ ಕೇಂದ್ರವಿದೆ. ಈಗ ಅದು ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಶಾಖೆ. ೧೯೭೨ರಲ್ಲಿ 'ಮಂಗಳ' ಎಂಬ ಅಡಿಕೆಯ ತಳಿ ಹೊರಬಿದ್ದುದು ಇಲ್ಲಿಂದಲೇ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಒಬ್ಬ ಹಿರಿಯರು ಆ ಕೇಂದ್ರವನ್ನು ತೋರಿಸಿ, ತಮ್ಮ ತೋಟದಲ್ಲಿ ಆ ತಳಿಯ ಮರಗಳು ಎಷ್ಟಿವೆಯೆಂಬುದನ್ನು ಲೆಕ್ಕ ಹೇಳಿದರು. ಹೇಳುವಾಗ ಮಂಗಳ ಎಂಬುದು ಅವರ ಮಗಳ ಹೆಸರೇನೋ ಎಂಬಷ್ಟು ಅಕ್ಕರೆ ಇತ್ತು.

ಗೆಳೆಯರ ಮನೆ ವಿಟ್ಲಕ್ಕೂ ಅಡ್ಯನಡ್ಕಕ್ಕೂ ನಡುವೆ, ರಸ್ತೆಯಿಂದ ಒಂದು ಮೈಲಿ ಒಳಗೆ. ಮನೆಯಲ್ಲಿ ಅವರ ತಾಯಿಯವರು, ಅಣ್ಣ, ಅತ್ತಿಗೆ ಮೂವರೇ. ಉಳಿದವರು ಬೆಂಗಳೂರು, ಮುಂಬಯಿ, ದುಬಾಯಿ ಎಂದು ಚದರಿಹೋಗಿದ್ದಾರೆ. ಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬೆರಳು ಗಾತ್ರದ ನೀರು ಸಣ್ಣಗೆ ಸುರಿಯುತ್ತಿತ್ತು. ನಲ್ಲಿಯಿಲ್ಲ, ಪಂಪಿಲ್ಲ. "ಎಲ್ಲಿಂದ ಬರುತ್ತದೆ?" ಎಂದು ಮಕ್ಕಳು ಕೇಳಿದರು. "ಗುಡ್ಡದ ಹೊಟ್ಟೆಯಿಂದ" ಎಂದರು ಅಜ್ಜಿ.

ಬಾವಿಯೆಂದರೆ ಕೆಳಕ್ಕೆ ತೋಡುವುದೆಂದು ನಾವು ಬಲ್ಲೆವು. ಇಲ್ಲಿಯವರು ಅಡ್ಡಕ್ಕೆ ತೋಡುವರು. ಗುಡ್ಡದ ಬದಿಯಲ್ಲಿ ಆಳೆತ್ತರದ ಬಾಯಿ ತೆರೆದು, ಒಬ್ಬ ಮನುಷ್ಯ ಮೈ ಒತ್ತಿಕೊಂಡು ಹೋಗುವಷ್ಟೇ ಅಗಲವಾಗಿ ಒಳಕ್ಕೆ ಕೊರೆಯುತ್ತ ಹೋಗುವುದು. ಇದಕ್ಕೆ ಸುರಂಗವೆಂದು ಹೆಸರು. ಅಳತೆ ಕೋಲಿನಲ್ಲಿ, ಒಂದು ಕೋಲೆಂದರೆ ಎರಡೂವರೆ ಅಡಿ. ಮುರಮಣ್ಣಿನ ಪದರದಲ್ಲಿ ಹಿಡಿದಿಟ್ಟ ಮಳೆಯ ನೀರು ಎಲ್ಲಿಯೋ ಒಂದೆಡೆ ಜಿನುಗುತ್ತದೆ. ಅಲ್ಲಿಯವರೆಗೆ ಹೋದರೆ ಗೆದ್ದಂತೆ, ಹೋಗದಿದ್ದರೆ ಪಟ್ಟ ಶ್ರಮವೆಲ್ಲ ಮಣ್ಣುಪಾಲು. ಒಳಗೆ ನಿಂತು ಗುದ್ದಲಿ ಬೀಸಲು ಸ್ಥಳವಿಲ್ಲ. ಗಿಡ್ಡ ಹಿಡಿಯ ಪಿಕಾಸಿಯಿಂದ ಕುಳಿತೇ ಅಗೆಯಬೇಕು. ದೀಪ ಆರುವಂತಾದರೆ ಗಾಳಿ ಸಾಲದೆಂದು ತಿಳಿದು ಹೊರಕ್ಕೆ ಬರಬೇಕು. ನೀರು ಸಿಕ್ಕ ಮೇಲೆ ಮಾತ್ರ ಖರ್ಚಿಲ್ಲ. ಇಳಿಜಾರನ್ನು ಅನುಸರಿಸಿ ತಾನಾಗಿಯೇ ಹರಿದು ಕೆಳಗಿನ ಮಣ್ಣಿನ ಕೆರೆಗೆ ಬಂದು ನಿಲ್ಲುವುದು. ಮಾಣಿಲ, ಬಾಯಾರು, ಶೇಣಿ, ಪಡ್ರೆ ಈ ಊರುಗಳ ಗುಡ್ಡಗಳೊಳಗೆ ಇಂಥ ಸುರಂಗಗಳು ಬಹಳ.

ಸಂಜೆ ಜಗಲಿಯಲ್ಲಿ ಕುಳಿತಿರುವಾಗ ಗೆಳೆಯರ ತಾಯಿಯವರನ್ನು, "ಅಮ್ಮ, ಈ ಸುರಂಗ ಯಾರು ತೋಡಿದ್ದು?" ಎಂದು ಕೇಳಿದೆವು.

"ನಮ್ಮ ಮಾವನವರು ತೋಡಿಸಿದ್ದು. ಎಂಬತ್ತು ಕೋಲು ಉಂಟು."

"ತೋಡಿಸಿದವರು ಅವರು. ತೋಡಿದವರು ಯಾರು?"

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. ಬಹಳ ಹೊತ್ತು ಯೋಚಿಸಿ, "ಬಾಯಾರು ಕಡೆಯ ಒಬ್ಬನಂತೆ. ಅವನಿಗೆ ಒಂದು ಕಣ್ಣು ಮಂದ ಇತ್ತು ಅಂತ ಅತ್ತೆ ಹೇಳುತ್ತಿದ್ದರು. ಹೆಸರು ನೆನಪಿಲ್ಲ ಮಗ. ಅವನ ನೀರು ಕುಡಿದು ಅರವತ್ತು ವರ್ಷ ಆಯಿತು, ಹೆಸರು ಕೇಳಿಯೇ ಇಟ್ಟುಕೊಳ್ಳಲಿಲ್ಲ ನೋಡಿ" ಎಂದರು.

ಕನ್ನಡದಲ್ಲಿ ಒಂದು 'ಇಸು' ಪ್ರತ್ಯಯ ಎಷ್ಟು ಕೆಲಸ ಮಾಡುವುದೆಂದು ನಮಗೆ ಆಗ ಹೊಳೆಯಿತು. ಕೆರೆ ಕಟ್ಟಿಸಿದವರು, ಬಾವಿ ತೋಡಿಸಿದವರು, ಸಾಲುಮರ ನೆಡಿಸಿದವರು, ಇವರೆಲ್ಲ ಶಾಸನದ ಕಲ್ಲುಗಳಲ್ಲಿ ಇದ್ದಾರೆ. ಕಟ್ಟಿದವರು, ತೋಡಿದವರು ಅಪರೂಪ. ಕಟ್ಟಿಸಿದವರ ಪುಣ್ಯ ಸಣ್ಣದೆಂದು ನಾವು ಹೇಳುತ್ತಿಲ್ಲ. ಆದರೆ ಕಟ್ಟಿದವರ ಹೆಸರೂ ಬರಲೆಂದು ಕಲ್ಲಿನಲ್ಲಿ ಇನ್ನೊಂದು ಸಾಲು ಹೆಚ್ಚು ಕೆತ್ತಿದ್ದರೆ ಕಲ್ಲಿಗೇನೂ ಭಾರವಾಗುತ್ತಿರಲಿಲ್ಲ.

ಮರುದಿನ ಅಡ್ಯನಡ್ಕಕ್ಕೆ ಹೋದೆವು. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮಕ್ಕೆ ಸೇರಿದ ಈ ಸೀಮೆಯಲ್ಲಿ, ತೋಡಿದವನ ಹೆಸರು ಉಳಿದ ಸುರಂಗವೊಂದಿದೆ. ಹೆಸರು ಅಮೈ ಮಹಾಲಿಂಗ ನಾಯ್ಕರದು. ೨೦೨೨ರಲ್ಲಿ ಭಾರತ ಸರ್ಕಾರ ಇವರಿಗೆ ಕೃಷಿಗಾಗಿ ಪದ್ಮಶ್ರೀ ಕೊಟ್ಟಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಪ್ರಶಸ್ತಿ ಬಂದಂದಿನಿಂದ ಅವರ ಮನೆಗೆ ಜನ ಹೋಗುವುದು ಹೆಚ್ಚಾಗಿದೆ. ಎಂಟು ಜನ ನಾವೂ ನುಗ್ಗಿ ತೊಂದರೆ ಕೊಡುವುದು ಬೇಡವೆಂದು, ಗೆಳೆಯರ ಅಣ್ಣನವರು ತೋರಿಸಿದ ಗುಡ್ಡದ ದಿಕ್ಕನ್ನು ದೂರದಿಂದಲೇ ನೋಡಿ, ಅವರ ಬಾಯಿಂದಲೇ ಕಥೆಯನ್ನು ಕೇಳಿದೆವು. ಆ ಊರಿನವರಿಗೆಲ್ಲ ಅದು ಬಾಯಿಪಾಠ.

ಮಹಾಲಿಂಗ ನಾಯ್ಕರು ಸ್ವಂತ ನೆಲವಿಲ್ಲದ ಕೂಲಿಯಾಳು. ಅಡಿಕೆ ಮರ, ತೆಂಗಿನ ಮರ ಹತ್ತಿ ಕೊಯ್ಯುವುದು ಅವರ ಕಸುಬು. ಅವರ ದುಡಿಮೆಯನ್ನು ಮೆಚ್ಚಿದ ತೋಟದ ಧಣಿಗಳು ೧೯೭೮ರ ಸುಮಾರಿನಲ್ಲಿ ಗುಡ್ಡದ ಇಳಿಜಾರಿನ ಎರಡು ಎಕರೆ ನೆಲವನ್ನು ಕೊಟ್ಟರು. ನೆಲವೇನೋ ಬಂತು, ನೀರಿಲ್ಲ. ಹಗಲು ಪರರ ತೋಟದ ಕೆಲಸ ಮುಗಿಸಿ ಬಂದು, ಸಂಜೆಯಿಂದ ರಾತ್ರಿಯವರೆಗೆ ದೀಪ ಹಚ್ಚಿಕೊಂಡು ಒಬ್ಬರೇ ಸುರಂಗ ತೋಡತೊಡಗಿದರು. ಒಂದು ಬರಿದಾಯಿತು. ಇನ್ನೊಂದು ತೋಡಿದರು, ಅದೂ ಬರಿದು. ಹೀಗೆ ವರ್ಷಗಳು ಕಳೆದು ಐದು ಸುರಂಗಗಳು ವ್ಯರ್ಥವಾದವು. ನೋಡಿದವರು ನಕ್ಕರು. ಆರನೆಯದರಲ್ಲಿ ನೀರು ಬಂತು. ಆ ನೀರಿಗೆ ಕೆರೆ ಮಾಡಿ, ಕಲ್ಲು ಹೊತ್ತು ತಂದು ಇಳಿಜಾರಿಗೆ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿ, ಮುನ್ನೂರರಷ್ಟು ಅಡಿಕೆ ಮರಗಳನ್ನೂ ತೆಂಗು, ಗೇರು, ಬಾಳೆ, ಮೆಣಸುಗಳನ್ನೂ ಎಬ್ಬಿಸಿದರು. ಪಂಪಿಲ್ಲದೆ, ನೀರಿನ ಭಾರದಿಂದಲೇ ತೋಟ ತೋಯುವುದು.

ಇದನ್ನು ಕೇಳುವಾಗ ಶಿವರಾಮ ಕಾರಂತರ 'ಚೋಮನ ದುಡಿ' ನೆನಪಾಗದೆ ಇರದು. ೧೯೩೩ರಲ್ಲಿ ಪ್ರಕಟವಾದ ಆ ಕಾದಂಬರಿಯ ಚೋಮನ ಆಸೆಯೆಲ್ಲ ತನ್ನದೆಂಬ ತುಂಡು ನೆಲವನ್ನು ಉಳುವುದು. ಅದು ಅವನಿಗೆ ಕೈಗೂಡಲಿಲ್ಲ. ಕರ್ನಾಟಕದಲ್ಲಿ ಭೂಸುಧಾರಣೆಯ ಕಾಯಿದೆ ೧೯೭೪ರಲ್ಲಿ ಬಿಗಿಯಾಗಿ ತಿದ್ದುಪಡಿಯಾದ ಮೇಲೆ ದಕ್ಷಿಣ ಕನ್ನಡದಲ್ಲಿ ಅನೇಕ ಗೇಣಿದಾರರು ಒಡೆಯರಾದರು. ಗೇಣಿಯ ಚೀಟಿಯೂ ಇಲ್ಲದ ಬರಿಯ ಕೂಲಿಯವರ ಮಾತು ಬೇರೆ. ದುಡಿಯುವವನಿಗೆ ಸಲ್ಲುವ ಮೊದಲ ಗೌರವ ಶಾಲಲ್ಲ, ನೆಲ. ಎರಡು ಎಕರೆ ಸಿಕ್ಕಿದ್ದರಿಂದ ಮಹಾಲಿಂಗ ನಾಯ್ಕರೊಳಗಿದ್ದ ಶಕ್ತಿ ಲೋಕಕ್ಕೆ ಕಂಡಿತು. ಸಿಗದಿದ್ದರೆ ಅವರೂ ಒಂದು ಕಣ್ಣು ಮಂದವಿದ್ದ ಆ ಬಾಯಾರಿನವನಂತೆ ಯಾರದೋ ಹಿತ್ತಿಲಿನ ನೀರಾಗಿ ಉಳಿಯುತ್ತಿದ್ದರು.

ಅಡ್ಯನಡ್ಕಕ್ಕೆ ಇನ್ನೊಂದು ಹೆಸರೂ ಉಂಟು. ವಾರಣಾಶಿ ಸುಬ್ರಾಯ ಭಟ್ಟರು ಇಲ್ಲಿಯವರೇ. ಎಪ್ಪತ್ತರ ದಶಕದ ಆದಿಯಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ದಿಕ್ಕು ತೋಚದೆ ನಿಂತಾಗ, ಕರ್ನಾಟಕ ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಟ್ಟುಗೂಡಿಸಿ ೧೯೭೩ರ ಜುಲೈಯಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯನ್ನು ಅವರು ಮುಂದೆ ನಿಂತು ಕಟ್ಟಿದರು. ಬೆಳೆಗಾರರೇ ಕೊಳ್ಳುವವರಾಗಿ ಕಣಕ್ಕಿಳಿದಾಗ ಬೆಲೆಗೆ ಒಂದು ನೆಲೆ ಬಂತು. ಮುಂದೆ ಕೊಕ್ಕೊ ಬೆಳೆಯನ್ನು ಕೇಳುವವರಿಲ್ಲದೆ ರೈತರು ಗಿಡ ಕಡಿಯುವ ಪ್ರಸಂಗ ಬಂದಾಗ ಅದನ್ನೂ ಈ ಸಂಸ್ಥೆಯೇ ಕೊಂಡಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ದಾರಿಯಲ್ಲಿ ಮಕ್ಕಳು ಚೀಪುತ್ತಿದ್ದ ಚಾಕೊಲೇಟು ಅಲ್ಲಿಯದೇ. ಒಬ್ಬರು ಗುಡ್ಡವನ್ನು ಕೊರೆದವರು, ಇನ್ನೊಬ್ಬರು ಮಂಡಿಯ ಗೋಡೆಯನ್ನು ಕೊರೆದವರು. ಎರಡು ಕೆಲಸವೂ ಆಗದಿದ್ದರೆ ತೋಟ ಉಳಿಯದು.

ಇಲ್ಲಿ ಕೆನಡಾ ದೇಶದ ಒಬ್ಬರನ್ನೂ ನೆನೆಯಬೇಕು. ಮಳೆಗಾಲದ ಮೊದಲು ಅಡಿಕೆ ಗೊನೆಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ದ್ರಾವಣ ಸಿಂಪಡಿಸದಿದ್ದರೆ ಕೊಳೆರೋಗ ಹಿಡಿಯುವುದು. ದಕ್ಷಿಣ ಕನ್ನಡದವರು ಆ ರೋಗವನ್ನು ಮಹಾಳಿ ಎನ್ನುವರು. ಮಲೆನಾಡಿನ ತೋಟಗಳಲ್ಲಿ ಆ ರೋಗದ ಬೆನ್ನುಹತ್ತಿ, ಈ ದ್ರಾವಣದ ಬಳಕೆಯನ್ನು ರೈತರಿಗೆ ಕಲಿಸಿದವರು ಡಾ. ಲೆಸ್ಲಿ ಕೋಲ್ಮನ್. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕೃಷಿ ಇಲಾಖೆಯ ನಿರ್ದೇಶಕರಾಗಿ ೧೯೩೪ರವರೆಗೆ ದುಡಿದರು. ಹೆಬ್ಬಾಳದ ಕೃಷಿ ಶಾಲೆಯೂ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಅವರ ಕಾಲದವು. ಮರದ ತುದಿಯಲ್ಲಿ ಮುಟ್ಟಾಳೆ ತೊಟ್ಟು, ಒಂದು ಮರದಿಂದ ಇನ್ನೊಂದಕ್ಕೆ ಬಗ್ಗಿ ದಾಟುತ್ತ ಮದ್ದು ಬಿಡುವವನಿಗೆ ಕೋಲ್ಮನ್ನರ ಹೆಸರು ಗೊತ್ತಿರಲಾರದು. ಕೋಲ್ಮನ್ನರ ಚರಿತ್ರೆ ಬರೆಯುವವರಿಗೆ ಆ ಮರ ಹತ್ತುವವನ ಹೆಸರು ಗೊತ್ತಿರಲಾರದು. ಇಬ್ಬರೂ ಸೇರಿ ನಮ್ಮ ತಾಂಬೂಲವನ್ನು ಉಳಿಸಿದರು.

ಅಡ್ಯನಡ್ಕದಿಂದ ಮುಂದೆ ಸಾರಡ್ಕ ದಾಟಿದರೆ ಕೇರಳ. ೧೯೫೬ರ ನವೆಂಬರ್ ಒಂದರಂದು ಕಾಸರಗೋಡು ಆ ರಾಜ್ಯಕ್ಕೆ ಸೇರಿತೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಫಲಕಗಳ ಅಕ್ಷರ ಬದಲಾಗುವುದೇ ಹೊರತು, ಗುಡ್ಡ, ತೋಟ, ಸುರಂಗ ಯಾವುದೂ ಬದಲಾಗದು. ಅಂಗಡಿಯಲ್ಲಿ ತುಳು, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಒಂದೇ ಬಾಯಿ ಮೂರನ್ನೂ ಆಡುವುದು. ಮರಾಠಿ ಗುಜರಾತಿಗಳ ನಡುವೆ ಕನ್ನಡವನ್ನು ಉಳಿಸಿಕೊಳ್ಳಲು ಒದ್ದಾಡುವ ನಮಗೆ ಇವರು ಬೇಗನೆ ಹತ್ತಿರದವರೆನಿಸಿದರು.

ಪೆರ್ಲದ ಬಳಿಯ ಪಡ್ರೆ ಊರು ಒಂದು ದುಃಖದ ಕಾರಣದಿಂದ ಹೆಸರಾದುದು. ಗುಡ್ಡದ ಮೇಲಿನ ಸರ್ಕಾರಿ ಗೇರು ತೋಟಗಳ ಮೇಲೆ ಸುಮಾರು ಇಪ್ಪತ್ತು ವರ್ಷ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ಮೇಲೆ ಬಿದ್ದದ್ದು ತೋಡಿಗೆ, ಸುರಂಗಕ್ಕೆ ಇಳಿಯದೆ ಇರುವುದೇ? ಸುತ್ತಲಿನ ಮನೆಗಳಲ್ಲಿ ಅಂಗವಿಕಲ ಮಕ್ಕಳು ಹುಟ್ಟುವುದನ್ನೂ ವಿಚಿತ್ರ ಕಾಯಿಲೆಗಳನ್ನೂ ಕಂಡು, ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ಲೆಕ್ಕವಿಟ್ಟು ಹೊರಗಿನವರಿಗೆ ತಿಳಿಸಿದರು. ಅದೇ ಊರಿನ ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು ಬರೆಯುತ್ತ ಬಂದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲಿಯೇ ತಡೆಹಿಡಿಯಿತು. ಶ್ರೀ ಪಡ್ರೆಯವರು ಸಂಪಾದಿಸುವ, ಪುತ್ತೂರಿನಿಂದ ೧೯೮೮ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ವಿಶೇಷವೆಂದರೆ ರೈತರೇ ಅದರ ಲೇಖಕರು. ಪದ್ಮಶ್ರೀ ಬರುವುದಕ್ಕೆ ಬಹಳ ವರ್ಷ ಮೊದಲೇ ಸುರಂಗದ ಕೆಲಸವನ್ನು ನಾಡಿಗೆ ತಿಳಿಸಿದ್ದು ಇಂಥ ಬರಹಗಳು. ಬೆಳೆದವರಷ್ಟೇ ಅಲ್ಲ, ಅಪಾಯ ಬಂದಾಗ ಕೂಗಿ ಎಚ್ಚರಿಸಿದವರೂ ರೈತರಿಗೆ ಉಪಕಾರಿಗಳು. ಅವರ ಸನ್ಮಾನ ಮಾತ್ರ ಯಾವಾಗಲೂ ತಡವಾಗುವುದು. ಕೂಗುವ ಕಾಲಕ್ಕೆ ಅವರು ಬೇಡದವರು.

ಬದಿಯಡ್ಕವನ್ನು ದಾಟುವಾಗ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆದೆವು. ೧೯೧೫ರಲ್ಲಿ ಹುಟ್ಟಿ ೨೦೧೫ರವರೆಗೆ ನೂರು ವರ್ಷ ತುಂಬು ಬಾಳು ಬಾಳಿದ ಆ ಕವಿ ಅಧ್ಯಾಪಕರೂ ಹೌದು, ಸ್ವತಃ ಕೃಷಿಕರೂ ಹೌದು. ಅಲ್ಲಿಂದ ಇನ್ನೂ ಒಳಗೆ ನೆಟ್ಟಣಿಗೆಯ ಬೆಳೇರಿ. ೨೦೨೪ರ ಪದ್ಮಶ್ರೀ ಪಟ್ಟಿಯಲ್ಲಿದ್ದ ಸತ್ಯನಾರಾಯಣ ಬೆಳೇರಿಯವರ ಊರು. ಗಾಂಧೀವಾದಿ ಕೃಷಿಕರಾದ ಚೇರ್ಕಾಡಿ ರಾಮಚಂದ್ರ ರಾಯರಿಂದ ದೊರೆತ 'ರಾಜಕಯಮೆ' ಎಂಬ ಭತ್ತದ ಒಂದು ಹಿಡಿ ಬೀಜದಿಂದ ಇವರ ಸಂಗ್ರಹ ತೊಡಗಿತು. ಈಗ ಅದು ಆರುನೂರೈವತ್ತಕ್ಕೂ ಮಿಕ್ಕಿದ ತಳಿಗಳಾಗಿದೆ. ದೊಡ್ಡ ಗದ್ದೆಯ ಒಡೆಯರಲ್ಲ. ಮಣ್ಣು ತುಂಬಿದ ಚೀಲಗಳಲ್ಲಿ ಪ್ರತಿಯೊಂದು ತಳಿಯ ಕೆಲವೇ ಬುಡ ಬೆಳೆದು, ಬೀಜ ಹಿಡಿದು, ಮುಂದಿನ ವರ್ಷಕ್ಕೆ ಉಳಿಸುವರು. ಬೀಜವನ್ನು ಪೆಟ್ಟಿಗೆಯಲ್ಲಿಟ್ಟರೆ ಉಳಿಯದು, ಬಿತ್ತುತ್ತಲೇ ಇರಬೇಕು. ಒಂದು ವರ್ಷ ಬೇಸರಪಟ್ಟರೆ ನೂರಾರು ವರ್ಷದ ತಳಿ ಹೋಯಿತು. ಕಚೇರಿಯ ಕಡತಕ್ಕೂ ಬೀಜದ ಭಂಡಾರಕ್ಕೂ ಇರುವ ವ್ಯತ್ಯಾಸ ಇದು: ಕಡತ ಮಲಗಿದ್ದರೂ ಕೆಡದು!

ಇಂಥವರನ್ನು ಗುರುತಿಸುವ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲವೆನ್ನುವಂತಿಲ್ಲ. ರಾಜ್ಯದಲ್ಲಿ ಕೃಷಿ ಪಂಡಿತ ಪ್ರಶಸ್ತಿಯಿದೆ. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಹಳೆಯ ತಳಿಗಳನ್ನು ಕಾಪಾಡಿದ ರೈತರಿಗೆ ಮನ್ನಣೆಯೂ ನಿಧಿಯಿಂದ ಬಹುಮಾನವೂ ಸಲ್ಲಬೇಕೆಂದು ಹೇಳುವುದು. ಕಾಯಿದೆಯ ಪುಸ್ತಕಗಳ ನಡುವೆಯೇ ಹಗಲು ಕಳೆಯುವ ನಮಗೆ ಅದರಲ್ಲಿ 'ರೈತರ ಹಕ್ಕು' ಎಂಬ ಪದವನ್ನು ಹೆಸರಿನಲ್ಲಿಯೇ ಇಟ್ಟುದು ಬಹಳ ಹಿಡಿಸಿತು. ಆದರೆ ದಿಲ್ಲಿಯ ಕೈ ಎಷ್ಟು ಉದ್ದವಾದರೂ ಪ್ರತಿಯೊಂದು ಹಿತ್ತಿಲಿಗೆ ಮುಟ್ಟದು. ಒಬ್ಬ ಮಹಾಲಿಂಗ ನಾಯ್ಕರ ಹಿಂದೆ ಹೆಸರು ಬಾರದ ಎಷ್ಟೋ ಮಂದಿ ತೋಡಿದವರಿದ್ದಾರೆ. ಅವರನ್ನು ನೆನೆಯಬೇಕಾದವರು ಅವರ ನೀರು ಕುಡಿದವರು. ಅಂದರೆ ಊರು ಬಿಟ್ಟು ಬಂದ ನಾವೂ, ನೀವೂ.

ಇದು ಬರಿಯ ಭಾವುಕತೆಯ ಮಾತಲ್ಲ. ಗೆಳೆಯರ ಮನೆಯಲ್ಲಿಯೇ ಅದರ ಪರೀಕ್ಷೆ ನಡೆಯಿತು. ನಾವು ಅಲ್ಲಿದ್ದಾಗ ಸುರಂಗದ ನೀರು ಕಡಿಮೆಯಾಗುತ್ತ ಬಂದಿತ್ತು. ಒಳಗೆ ಐವತ್ತು ಕೋಲಿನ ಆಚೆ ಮಣ್ಣು ಕುಸಿದಿತ್ತು. ಬೋರು ಕೊರೆಸಿಬಿಡೋಣವೆಂದು ಅಣ್ಣನವರ ವಿಚಾರ. ಲಾರಿ ಬಂದರೆ ಒಂದೇ ದಿನದ ಕೆಲಸ. ತಮ್ಮಂದಿರು ಊರಿಗೆ ಬರುವವರಲ್ಲ. ತೋಟವನ್ನೇ ಮಾರುವುದಾದರೆ ಸುರಂಗಕ್ಕೆ ಖರ್ಚೇಕೆ ಎಂಬ ಮಾತೂ ಎದ್ದಿತು. ರಾತ್ರಿ ಊಟವಾದ ಮೇಲೆ ಅಣ್ಣ ತಮ್ಮಂದಿರು ಕುಳಿತರು, ದುಬಾಯಿಯವರು ದೂರವಾಣಿಯಲ್ಲಿ. ಅಣ್ಣನವರ ಮಾತಿನಲ್ಲಿ ತಪ್ಪಿರಲಿಲ್ಲ. ಐವತ್ತೆಂಟರ ಮನುಷ್ಯ, ಒಬ್ಬರೇ ತೋಟ ನೋಡುವವರು. ಮರ ಹತ್ತುವ ಆಳುಗಳು ಸಿಗುವುದಿಲ್ಲ. "ನೀವು ವರ್ಷಕ್ಕೆ ನಾಲ್ಕು ದಿವಸ ಬಂದು ದಂಬೆಯ ನೀರು ಚೆಂದ ಅಂತ ಹೇಳಿ ಹೋಗುತ್ತೀರಿ. ಅದನ್ನು ಕಾಯುವವ ನಾನು" ಎಂದರು. ಯಾರೂ ಮಾತಾಡಲಿಲ್ಲ. ನಮ್ಮಂಥ ಪರಸ್ಥಳದವರೆಲ್ಲರೂ ಕೇಳಬೇಕಾದ ಮಾತು ಅದು. ಸುರಂಗ ತೋಡಿದವನನ್ನು ಮರೆತ ಮನೆ, ಕಾಯುವವನನ್ನೂ ಮರೆಯುತ್ತಿತ್ತು.

ಕಡೆಗೆ ಅಮ್ಮನವರೇ ತೀರ್ಪು ಕೊಟ್ಟರು. ಬೋರಿನ ದುಡ್ಡಿನಲ್ಲಿ ಸುರಂಗ ಸರಿಮಾಡಿಸುವುದು, ಹೊರಗಿರುವ ಮಕ್ಕಳು ಮೂವರೂ ಪ್ರತಿ ತಿಂಗಳು ತೋಟದ ಆಳಿನ ಕೂಲಿಗೆಂದು ಅಣ್ಣನಿಗೆ ಹಣ ಕಳಿಸುವುದು, ದಯೆಯೆಂದಲ್ಲ, ಪಾಲೆಂದು. ಮಾಣಿಲದ ಕಡೆಯಿಂದ ಅರವತ್ತು ದಾಟಿದ ಒಬ್ಬ ಸುರಂಗದ ಕೆಲಸದವರು ಬಂದರು. ಅವರ ಮಕ್ಕಳು ಈ ಕಸುಬಿಗೆ ಬಂದಿಲ್ಲವಂತೆ. ಒಂಬತ್ತು ದಿನ ಒಳಗೆ ಕುಳಿತು ಮಣ್ಣು ತೆಗೆದರು. ಕೆಲಸ ಮುಗಿಯುವ ಮೊದಲೇ ನಮ್ಮ ರಜೆ ಮುಗಿದಿತ್ತು. ನೀರು ಮತ್ತೆ ಬೆರಳು ಗಾತ್ರಕ್ಕೆ ಬಂದಿತೆಂದು ಗೆಳೆಯರು ಆಮೇಲೆ ತಿಳಿಸಿದರು. ಸುರಂಗದ ಬಾಯಿಗೆ ಹಾಕಿದ ಸಿಮೆಂಟು ಹಸಿಯಿರುವಾಗಲೇ ಕೆಲಸದವರ ಹೆಸರು ಬರೆಯಬೇಕೆಂದು ಅಮ್ಮ ಹಟ ಹಿಡಿದರಂತೆ. ಅವರು ನಕ್ಕು, "ಹೆಸರಿನ ಕೆಳಗೆ ತಾರೀಕನ್ನೂ ಹಾಕಿ, ಮುಂದೆ ಯಾವಾಗ ಮಣ್ಣು ತೆಗೆಯಬೇಕು ಅಂತ ಗೊತ್ತಾಗುತ್ತದೆ" ಎಂದರಂತೆ.

ಇನ್ನು ನಮ್ಮ ಸಂಘಕ್ಕೆ ಎರಡು ಸೂಚನೆಗಳು. ಮೊದಲನೆಯದು, ಮುಂದಿನ ರಾಜ್ಯೋತ್ಸವಕ್ಕೆ ಒಬ್ಬ ಕೃಷಿಕರನ್ನಾದರೂ ಕರೆಯೋಣ. ಕರೆಯುವ ಮೊದಲು ಅವರ ಕೊಯ್ಲು ಬಿತ್ತನೆಗಳ ಕಾಲವನ್ನು ಕೇಳೋಣ. ನಮ್ಮ ಸಭಾಂಗಣ ದೊರೆಯುವ ದಿನಕ್ಕೆ ಅವರ ಪೈರು ಕಾಯಲಾರದು. ಬರಲು ಇಬ್ಬರಿಗೆ ಗಾಡಿ ಖರ್ಚು ಕೊಡೋಣ. ಹಣ್ಣು ಬೆಳೆದವರಿಗೇ ಹಣ್ಣಿನ ಬುಟ್ಟಿ, ಅಡಿಕೆ ಬೆಳೆದವರಿಗೇ ತಾಂಬೂಲ ಕೊಟ್ಟು ಕೈ ತೊಳೆದುಕೊಳ್ಳದೆ, ಅವರ ಬೀಜವನ್ನೋ ಬೆಲ್ಲವನ್ನೋ ಮೆಣಸನ್ನೋ ಸದಸ್ಯರು ಕೊಂಡುಕೊಳ್ಳುವಂತೆ ಏರ್ಪಡಿಸೋಣ.

ಎರಡನೆಯದು ಇನ್ನೂ ಸುಲಭ. ನಮ್ಮ ತ್ರೈಮಾಸಿಕದಲ್ಲಿ ಒಂದು ಪುಟವನ್ನು ಬಿಡಿಸಿಡಲು ಸಂಪಾದಕರನ್ನು ಕೇಳಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ಪ್ರತಿಯೊಬ್ಬ ವಾಚಕರೂ ತಮ್ಮ ಊರಿನ ನೆಲಕ್ಕೆ, ನೀರಿಗೆ, ಬೀಜಕ್ಕೆ ಉಪಕಾರ ಮಾಡಿದ ಒಬ್ಬರ ಹೆಸರನ್ನು, ಅವರು ಮಾಡಿದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಬೇಕು. ಕೆರೆಯ ತೂಬು ನೋಡುವ ನೀರುಗಂಟಿಯಿರಲಿ, ಎತ್ತಿಗೆ ಮದ್ದು ಅರೆದು ಕೊಡುವ ಮುದುಕಿಯಿರಲಿ, ಬಿತ್ತುವ ಕೂರಿಗೆ ಮಾಡುವ ಬಡಗಿಯಿರಲಿ. ಬದುಕಿರುವವರಾದರೆ ಅವರ ಒಪ್ಪಿಗೆ ಪಡೆದು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಹೆಸರುಗಳು ಬೀಜದಂತೆ, ಒಂದು ತಲೆಮಾರು ಬಿಟ್ಟರೆ ಸಿಗವು.

ಮಾಣಿಲದ ಆ ಸುರಂಗದವರ ಹೆಸರನ್ನು ಅವರ ಅಪ್ಪಣೆಯಿಲ್ಲದೆ ಇಲ್ಲಿ ಅಚ್ಚು ಹಾಕಿಸುವುದು ಸರಿಯಲ್ಲವೆಂದು ಬಿಟ್ಟಿದ್ದೇವೆ. ಗೆಳೆಯರ ಅಣ್ಣನವರು ಕೇಳಿ ತಿಳಿಸುವೆನೆಂದಿದ್ದಾರೆ. ಅವರು ಒಪ್ಪಿದರೆ ಮುಂದಿನ ಸಂಚಿಕೆಯ ಆ ಪುಟದಲ್ಲಿ ಮೊದಲನೆಯದಾಗಿ ಬರುವುದು ಅವರ ಹೆಸರೇ. ಎರಡನೆಯದು ನಿಮ್ಮಿಂದ ಬರಲಿ.